ಇಮ್ಯುನಾಲಜಿಗೆ ಹೋಗಲಾ ಅಂತ ಕೇಳಿದ್ದೆ

ಕೋಲಾರ

ಚಿ|| ಮೇಘನಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ.

ಪಿಎಚ್‌ಡಿ ಕೋರ್ಸ್‌ವರ್ಕ್ ಮುಗಿಯಿತು, ಇನ್ನು ಗೈಡ್ ಆರಿಸಿಕೊಳ್ಳಬೇಕು ಅಂತ ಬರೆದಿದ್ದೀಯ. ಮೈ ರೋಗವನ್ನು ಹೇಗೆ ಎದುರಿಸುತ್ತದೆ ಅಂತ ನೋಡುವ ಇಮ್ಯುನಾಲಜಿ ಲ್ಯಾಬಿಗೆ ಸೇರುವ ಆಸೆ ಇದೆ, ಆದರೆ ಓದಿದ್ದು ಡಿಎನ್‌ಎ, ಜೀನ್‌ಗಳ ಮಾಲಿಕ್ಯುಲರ್ ಬಯಾಲಜಿ, ಅಲ್ಲಿ ಮತ್ತೆ ಅ ಆ ಇ ಈ ತಿದ್ದಬೇಕಲ್ಲ ಅನ್ನುವ ಭಯ. ತಿದ್ದು, ಏನೀಗ? ಹೋಗು ಅಂತಲೇ ನಾನು ಹೇಳುವುದು.

ಸುಸುಮು ತೊನೆಗಾವ ಅವರ ಹೆಸರು ನಿನ್ನ ಪಾಠದಲ್ಲಿ ಬಂದೇ ಇರುತ್ತದೆ. ಕ್ಯೋಟೋದಲ್ಲಿ ಕೆಮಿಸ್ಟ್ರಿ ಓದಿ, ಅಮೆರಿಕದಲ್ಲಿ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್‌ಡಿ ಮಾಡಿದವರು. ವೀಸಾ ಮುಗಿಯುತ್ತಾ ಬಂದಿತ್ತು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹೊಸ ಇಮ್ಯುನಾಲಜಿ ಸಂಸ್ಥೆ ಶುರುವಾಗುತ್ತಿದೆ, ಅಲ್ಲಿ ನೋಡು ಅಂತ ಆಗ ಇವರಿದ್ದ ಲ್ಯಾಬಿನ ಮುಖ್ಯಸ್ಥರಾದ ಡಲ್ಬೆಕೊ ಹೇಳಿದರು. 1971ರಲ್ಲಿ ಅಲ್ಲಿಗೆ ಹೋದಾಗ ಇವರಿಗೆ ಇಮ್ಯುನಾಲಜಿ ಅಷ್ಟಕ್ಕಷ್ಟೇ. ಅಲ್ಲಿನವರು ಒಂದು ಜಗಳ ಹಿಡಿದು ಕೂತಿದ್ದರು: ರೋಗಾಣುಗಳನ್ನು ಹಿಡಿಯುವ ಆಂಟಿಬಾಡಿ ಮೈಯಲ್ಲಿ ಲೆಕ್ಕವಿಲ್ಲದಷ್ಟು ಬಗೆಯವು ಆಗುತ್ತವೆ, ಒಂದೊಂದಕ್ಕೂ ಒಂದೊಂದು ಜೀನ್ ಎಲ್ಲಿಂದ ಬರಬೇಕು? ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ಕತ್ತರಿಸುವ ಎಂಜೈಮ್‌ಗಳು ಆಗಷ್ಟೇ ಕೈಗೆ ಬರುತ್ತಿದ್ದವು. ಇಲಿಯ ಭ್ರೂಣದ ಡಿಎನ್‌ಎ, ಆಂಟಿಬಾಡಿ ಮಾಡುವ ಕ್ಯಾನ್ಸರ್ ಗೆಡ್ಡೆಯ ಡಿಎನ್‌ಎ, ಎರಡನ್ನೂ ಒಂದೇ ಎಂಜೈಮ್‌ನಿಂದ ಕತ್ತರಿಸಿ, ತುಂಡುಗಳು ಉದ್ದಕ್ಕೆ ತಕ್ಕ ಹಾಗೆ ಬೇರೆಯಾಗಲಿ ಅಂತ ಗೆಲ್‌ನಲ್ಲಿ ಓಡಿಸಿದರು. ಗೆಲ್ಲನ್ನು ಚೂರು ಚೂರು ಕುಯ್ದು, ಒಂದೊಂದು ಚೂರಿನ ಡಿಎನ್‌ಎಯನ್ನೂ ಬೇರೆ ಬೇರೆಯಾಗಿ ತೆಗೆದು ನೋಡಿದರು. ಭ್ರೂಣದಲ್ಲಿ ಆಂಟಿಬಾಡಿ ಜೀನಿನ ಎರಡು ಭಾಗ ದೂರ ದೂರ ಇದ್ದವು. ಗೆಡ್ಡೆಯ ಕೋಶದಲ್ಲಿ ಅವೇ ಒಟ್ಟಿಗೆ ಸಿಕ್ಕವು. ಅಂದರೆ ಕೋಶ ತನ್ನ ಡಿಎನ್‌ಎಯನ್ನೇ ಕತ್ತರಿಸಿ ಜೋಡಿಸಿಕೊಂಡಿತ್ತು. ತುಂಡುಗಳನ್ನು ಹೀಗೆ ಬೇರೆ ಬೇರೆ ರೀತಿ ಜೋಡಿಸಿದರೆ ಒಂದೊಂದು ಆಂಟಿಬಾಡಿಗೂ ಒಂದೊಂದು ಜೀನ್ ಬೇಕಿಲ್ಲ. ಸಹೋದ್ಯೋಗಿ ಹೊಜುಮಿ ಅವರ ಜೊತೆ 1976ರಲ್ಲಿ ಇದನ್ನು ಪ್ರಕಟಿಸಿದರು. 1987ರ ನೊಬೆಲ್ ಇವರೊಬ್ಬರಿಗೇ ಬಂತು.

ನೊಬೆಲ್ ಮಾತು ಬಿಡು. ಕೈಯಲ್ಲಿದ್ದ ವಿದ್ಯೆ ಮಾಲಿಕ್ಯುಲರ್ ಬಯಾಲಜಿಯದು, ಪ್ರಶ್ನೆ ಇಮ್ಯುನಾಲಜಿಯದು. ಪ್ರಶ್ನೆ ಬಲ್ಲವರು ಪಕ್ಕದ ಕೋಣೆಯಲ್ಲೇ ಇದ್ದರು, ಕೇಳಿದರೆ ಹೇಳುತ್ತಿದ್ದರು. ನೀನು ನೋಡಬೇಕಾದ್ದು ಇದನ್ನೇ. ಲ್ಯಾಬಿನವರ ಪಿಸಿಆರ್, ಅಂದರೆ ಡಿಎನ್‌ಎ ನಕಲು ಮಾಡುವ ಕೆಲಸ, ಎಲ್ಲ ಮಾಡಿಕೊಡೋಕೆ ಒಬ್ಬಳು ಸಿಕ್ಕಳು ಅಂತ ಕರೆಯುವವರ ಹತ್ತಿರ ಹೋಗಬೇಡ. ಪೇಪರುಗಳಲ್ಲಿ ನಡುವೆ ಎಲ್ಲೋ ನಿನ್ನ ಹೆಸರು ಬರುತ್ತದೆ, ನಿನ್ನದು ಅನ್ನುವ ಪ್ರಶ್ನೆ ಒಂದೂ ಇರುವುದಿಲ್ಲ.

ಪ್ರಶ್ನೆ ಅಂದರೆ ಭಾರೀ ಆಗಿರಬೇಕು ಅಂತೇನಿಲ್ಲ. ನಾನು ಪಶು ಆಸ್ಪತ್ರೆಯಲ್ಲಿ ಕೆಲಸ ಮಾಡಿದವನು, ನನಗೆ ಕರುವೇ ಕಣ್ಣಿಗೆ ಬರುತ್ತದೆ. ಮನುಷ್ಯರ ಹಾಗಲ್ಲ ಹಸು. ತಾಯಿಯ ಆಂಟಿಬಾಡಿ ಹೊಟ್ಟೆಯೊಳಗೆ ಕರುವಿಗೆ ದಾಟುವುದಿಲ್ಲ, ಗಿಣ್ಣಿನ ಹಾಲಲ್ಲೇ ಬರಬೇಕು. ಅದೂ ಹುಟ್ಟಿದ ಒಂದು ದಿನದೊಳಗೆ. ಆಮೇಲೆ ಕರುಳು ಅದನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಎದ್ದು ನಿಲ್ಲಲಾರದ ಕರುವಿನ ಬಾಯಿಗೆ ಬೆರಳು ಕೊಟ್ಟು, ಅದು ಚೀಪಲು ಶುರು ಮಾಡಿದ ಮೇಲೆ ಮೆಲ್ಲಗೆ ಮೊಲೆಗೆ ಹಚ್ಚುತ್ತೇವೆ. ನಮ್ಮವರಿಗೆ ಗಿಣ್ಣು ಅಂದರೆ ಪ್ರಾಣ, ಕರುವಿಗೆ ಉಳಿಸಿ ಅಂತ ಮನೆ ಮನೆಯಲ್ಲೂ ಹೇಳಬೇಕು! ಇನ್ನೊಂದು ನೋಡು. ಲಸಿಕೆ ಹಾಕಿದ ತಾಯಿಯ ಗಿಣ್ಣು ಕುಡಿದ ಕರುವಿಗೆ ತೀರಾ ಬೇಗ ಕಾಲುಬಾಯಿ ಜ್ವರದ ಲಸಿಕೆ ಹಾಕಿದರೆ ಸರಿಯಾಗಿ ಹತ್ತುವುದಿಲ್ಲ. ಕಾಪಾಡುತ್ತಿರುವ ತಾಯಿಯ ಆಂಟಿಬಾಡಿಯೇ ಅಡ್ಡ ಬರುತ್ತದೆ. ಅದಕ್ಕೇ ನಾಲ್ಕು ತಿಂಗಳು ತುಂಬಲಿ ಅನ್ನುವುದು, ಮತ್ತೆ ಬೂಸ್ಟರ್ ಕೊಡುವುದು. ಆ ಅಡ್ಡಿ ಕೋಶದೊಳಗೆ ಹೇಗೆ ನಡೆಯುತ್ತದೆ ಅನ್ನುವುದರಲ್ಲಿ ನಿನ್ನಂಥವರಿಗೆ ಇನ್ನೂ ಬೇಕಾದಷ್ಟು ಕೆಲಸ ಇದೆ.

ಗೈಡ್ ಒಪ್ಪುವ ಮೊದಲು ಆ ಲ್ಯಾಬಿನ ಹುಡುಗ ಹುಡುಗಿಯರ ಜೊತೆ ಕ್ಯಾಂಟೀನಿನಲ್ಲಿ ಕೂತು ಮಾತಾಡು. ಪ್ರಯೋಗ ಕೆಟ್ಟಾಗ ಮೇಷ್ಟ್ರು ಏನು ಮಾಡುತ್ತಾರೆ ಅಂತ ಕೇಳು. ಪಕ್ಕ ಕೂತು ಗೆಲ್ ನೋಡುತ್ತಾರಾ, ಬೈದು ಎದ್ದು ಹೋಗುತ್ತಾರಾ? ಎಷ್ಟು ವರ್ಷಕ್ಕೆ ಪಿಎಚ್‌ಡಿ ಮುಗಿಯುತ್ತದೆ ಅಂತ ಮೇಷ್ಟ್ರನ್ನಲ್ಲ, ಅವರನ್ನೇ ಕೇಳು.

ದುಡ್ಡಿನ ವಿಷಯ. ಸಂಶೋಧನೆ ಮಾಡುವವರಿಗೆ ಕೊಡುವ ಜೆಆರ್‌ಎಫ್ ಫೆಲೋಶಿಪ್ ತಿಂಗಳಿಗೆ 37,000 ರೂಪಾಯಿ, ಆದರೆ ಎಷ್ಟೋ ಸಲ ತಿಂಗಳುಗಟ್ಟಲೆ ತಡವಾಗಿ ಬರುತ್ತದೆ. ಬಂದಾಗ ಸ್ವಲ್ಪ ಎತ್ತಿಡು. ಸಾಲದಿದ್ದರೆ ನನಗೆ ಫೋನ್ ಮಾಡು, ಸಂಕೋಚ ಬೇಡ.

ನಿಮ್ಮಪ್ಪ ಲೆಕ್ಚರರ್ ಕೆಲಸ ಹಿಡಿ ಅಂತ ಹಟ ಮಾಡುತ್ತಿದ್ದಾನೆ ಅಲ್ವಾ? ಅವನ ಹತ್ತಿರ ನೀನು ವಾದಕ್ಕೆ ನಿಲ್ಲಬೇಡ. ಭಾನುವಾರ ಇಲ್ಲಿಗೆ ಬರುತ್ತಾನೆ, ಊಟ ಆದ ಮೇಲೆ ನಾನು ಮಾತಾಡುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ