ಕತ್ತಲ ಕೊಠಡಿಯಲ್ಲಿ ಜೊತೆಗಿದ್ದವರಿಗೆ

ಕಳೆದ ವಾರ ನನ್ನ ಮಹಾಪ್ರಬಂಧಕ್ಕೆ ಒಪ್ಪಿಗೆ ದೊರೆಯಿತು. ಆರು ವರ್ಷ ಏನು ಮಾಡಿದೆ ಎಂಬುದನ್ನು ಕೇಳಿ ಕೇಳಿ ನಿಮಗೆಲ್ಲ ಸಾಕಾಗಿರುವುದರಿಂದ ಮತ್ತೆ ವಿವರಿಸುವುದಿಲ್ಲ. ಸುಮಾರು 2 ಮೀಟರ್ ಉದ್ದದ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನುಗಳಿಗೆ ಸುತ್ತಿಕೊಂಡು ಮಡಚಿ ಕುಳಿತಿರುವ ಕೋಶಕೇಂದ್ರದೊಳಗೆ, ಜೀನನ್ನು ಎಚ್ಚರಿಸುವ ಒಂದು ಪ್ರೋಟೀನು ತನ್ನ ತಾಣದಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬ ಒಂದೇ ಪ್ರಶ್ನೆಯ ಬೆನ್ನು ಹತ್ತಿದ್ದೆ ಎಂದರೆ ಸಾಕು. ಪ್ರೋಟೀನಿಗೆ ಲೇಸರ್ ಬೆಳಕಿನಲ್ಲಿ ಹೊಳೆಯುವ ಬಣ್ಣ ಕೂಡಿಸಿ, ಸೂಕ್ಷ್ಮದರ್ಶಕದಲ್ಲಿ ಅದರ ಚುಕ್ಕೆ ಎಷ್ಟು ಹೊತ್ತು ಕಾಣುತ್ತದೆ ಎಂದು ನೋಡುವುದೇ ನನ್ನ ದಾರಿ.

ಮಾರ್ಗದರ್ಶಕರಿಗೆ, ಹೊಳೆಯುವ ಚುಕ್ಕೆಗಳ ಜಾಡು ಹಿಡಿಯುವ ಪ್ರೋಗ್ರಾಂ ಬರೆದುಕೊಟ್ಟ ಗೆಳೆಯನಿಗೆ, ನನ್ನ ಕೋಶಗಳಲ್ಲಿ ಕ್ರೊಮ್ಯಾಟಿನ್, ಅಂದರೆ ಹಿಸ್ಟೋನಿಗೆ ಸುತ್ತಿದ ಡಿಎನ್‌ಎ, ಎಲ್ಲೆಲ್ಲಿ ತೆರೆದುಕೊಂಡಿದೆ ಎಂಬುದನ್ನು ಅಟ್ಯಾಕ್-ಸೀಕ್ ಎಂಬ ಪರೀಕ್ಷೆ ಮಾಡಿ ತೋರಿಸಿದ ಗೆಳತಿಗೆ, ‘ಇನ್ನೂ ಎಷ್ಟು ದಿನ’ ಎಂದು ಕೇಳುವುದನ್ನು ನಾಲ್ಕನೆಯ ವರ್ಷದಲ್ಲಿ ನಿಲ್ಲಿಸಿಬಿಟ್ಟ ಅಪ್ಪ ಅಮ್ಮನಿಗೆ ನಾನು ಋಣಿ. ಸೂಕ್ಷ್ಮದರ್ಶಕದ ಕೊಠಡಿಯನ್ನು ನೋಡಿಕೊಳ್ಳುವ, ನಾವೆಲ್ಲ ಅಕ್ಕ ಎಂದೇ ಕರೆಯುವ ಹಿರಿಯ ತಂತ್ರಜ್ಞೆಯ ಋಣ ಮಾತ್ರ ಈ ಸಾಲಿನಲ್ಲಿ ಹಿಡಿಸುವಂಥದಲ್ಲ.

ಮೂರನೆಯ ವರ್ಷದ ಕೊನೆಯಲ್ಲಿ, ನನ್ನ ಪ್ರೋಟೀನು ಡಿಎನ್‌ಎಯನ್ನು ಸರಾಸರಿ 4 ಸೆಕೆಂಡು ಹಿಡಿದಿರುತ್ತದೆ ಎಂದು ಲೆಕ್ಕ ಹಾಕಿದ್ದೆ. ಒಂದು ಸಭೆಯಲ್ಲಿ ಅದನ್ನು ಹೆಮ್ಮೆಯಿಂದ ಹೇಳಿಯೂ ಆಗಿತ್ತು. ಒಂದು ಸಂಜೆ ಅಕ್ಕ, ‘ಇದೇ ಬಣ್ಣವನ್ನು ಹಿಸ್ಟೋನಿಗೆ ಕೂಡಿಸಿ ನೋಡಿದ್ದೀಯಾ?’ ಎಂದು ಕೇಳಿದರು. ನೋಡಿರಲಿಲ್ಲ. ಹಿಸ್ಟೋನ್ ಎಚ್2ಬಿ ಗಂಟೆಗಟ್ಟಲೆ ಡಿಎನ್‌ಎಯನ್ನು ಬಿಡದೆ ಅಂಟಿಕೊಂಡಿರುವಂಥದು. ಅದರ ಚುಕ್ಕೆಯೂ ಕೆಲವೇ ಸೆಕೆಂಡುಗಳಲ್ಲಿ ಮಾಯವಾದರೆ, ಪ್ರೋಟೀನು ಬಿಟ್ಟುಹೋಗಿಲ್ಲ, ಲೇಸರಿಗೆ ಸಿಕ್ಕಿ ಬಣ್ಣವೇ ಆರಿಹೋಗಿದೆ ಎಂದರ್ಥ. ಪಕ್ಕದ ಬೆಂಚಿನವರು ಬೆಳೆಸಿಟ್ಟಿದ್ದ, ಎಚ್2ಬಿಗೆ ಇದೇ ಬಣ್ಣ ಕೂಡಿಸಿದ ಕೋಶಗಳನ್ನು ಅಕ್ಕ ಕೇಳಿ ತಂದರು. ನಡುರಾತ್ರಿಯ ಹೊತ್ತಿಗೆ, ಚುಕ್ಕೆಗಳು ಎಷ್ಟು ಬೇಗ ಮಾಯವಾಗುತ್ತವೆ ಎಂದು ತೋರಿಸುವ ಎರಡು ವಕ್ರರೇಖೆಗಳು ಒಂದರ ಮೇಲೊಂದು ಕುಳಿತವು. ಎರಡು ವರ್ಷ ನಾನು ಅಳೆದದ್ದು ಪ್ರೋಟೀನನ್ನಲ್ಲ, ಬಣ್ಣದ ಆಯುಷ್ಯವನ್ನು.

ಆಗ ನಾನು ಅತ್ತೆ. ಬಿಟ್ಟುಬಿಡುತ್ತೇನೆ ಎಂದೆ, ಇನ್ನೂ ಏನೇನೋ ಅಂದೆ. ಅವನ್ನು ಬರೆಯಲು ಈಗಲೂ ನಾಚಿಕೆ. ಅಕ್ಕ ಸಮಾಧಾನ ಹೇಳಲಿಲ್ಲ, ಮನೆಗೂ ಹೋಗಲಿಲ್ಲ. ನನ್ನ ಅಳು ನಿಂತ ಮೇಲೆ, ‘ಬಣ್ಣ ಆರುವುದು ಬೆಳಕು ಬಿದ್ದಾಗ, ಪ್ರೋಟೀನು ಬಿಡುವುದು ಕತ್ತಲಲ್ಲೂ ನಡೆಯುತ್ತದೆ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಿನ ಕತ್ತಲನ್ನು ಹೆಚ್ಚಿಸುತ್ತಾ ಹೋಗು’ ಎಂದಷ್ಟೇ ಹೇಳಿ ಲೇಸರನ್ನು ಮತ್ತೆ ಹೊಂದಿಸಲು ಕುಳಿತರು. ಈ ವಿಧಾನ ಪ್ರಕಟಿತ ಲೇಖನಗಳಲ್ಲಿ ಇದ್ದೇ ಇತ್ತು. ನಾನು ಓದಿಯೂ ಇದ್ದೆ, ನನಗೆ ಬೇಕಾದದ್ದಲ್ಲ ಎಂದು ದಾಟಿಹೋಗಿದ್ದೆ. ಬೆಳಗಿನ ಹೊತ್ತಿಗೆ ರೇಖೆಗಳು ಬೇರೆಯಾಗತೊಡಗಿದವು: ಕತ್ತಲು ಎಷ್ಟೇ ಹೆಚ್ಚಿದರೂ ಹಿಸ್ಟೋನಿನ ಚುಕ್ಕೆ ಅಷ್ಟೇ ಚಿತ್ರಗಳವರೆಗೆ ಉಳಿಯುತ್ತಿತ್ತು, ನನ್ನ ಪ್ರೋಟೀನಿನದು ಮಾತ್ರ ಬೇಗ ಬೇಗ ಕಾಣೆಯಾಗುತ್ತಿತ್ತು.

ಮುಂದಿನ ತಿಂಗಳುಗಳು ಬರಿಯ ದುಡಿಮೆ. ಬಹುಪಾಲು ಭೇಟಿಗಳು ಒಂದು ಸೆಕೆಂಡನ್ನೂ ಮೀರುವುದಿಲ್ಲ, ಸರಿಯಾದ ತಾಣ ಸಿಕ್ಕಾಗ ಸುಮಾರು 11 ಸೆಕೆಂಡು ನಿಲ್ಲುತ್ತದೆ ಎಂಬ ಉತ್ತರ ಕೊನೆಗೆ ಪ್ರಬಂಧದಲ್ಲಿ ಸೇರಿತು. ಕೃತಜ್ಞತೆಯ ಪುಟದಲ್ಲಿ ತಮ್ಮ ಹೆಸರನ್ನು ಮೊದಲಿಗೆ ಹಾಕಬೇಡ ಎಂದು ಅಕ್ಕ ಗದರಿದ್ದರಿಂದ ಅಲ್ಲಿ ಅದು ಐದನೆಯದಾಗಿದೆ. ಅದಕ್ಕೇ ಇಲ್ಲಿ ಇಷ್ಟು ಬರೆದೆ.

ಮೊನ್ನೆ ಸೂಕ್ಷ್ಮದರ್ಶಕದ ಬಳಕೆಯ ಪುಸ್ತಕ ತಿರುವುತ್ತಿದ್ದಾಗ ಆ ರಾತ್ರಿಯ ಪುಟ ಸಿಕ್ಕಿತು. ನನ್ನ ಹೆಸರೇ ಅಲ್ಲಿಲ್ಲ. ಹತ್ತು ಗಂಟೆಗಳ ಎದುರು ಅಕ್ಕನ ಕೈಬರಹದಲ್ಲಿ ‘ಲೇಸರ್ ದುರಸ್ತಿ’ ಎಂದಿದೆ.