ಕಾನೂನು ಸಚಿವರಿಗೊಂದು ಬಹಿರಂಗ ಪತ್ರ: ನಮಗೆ ಗೊತ್ತಿರಲೇಬೇಕು ಅಂದ್ರೆ ಮೊದಲು ತಿಳಿಸಿ

ಮಾನ್ಯ ರಾಜ್ಯ ಕಾನೂನು ಸಚಿವರಿಗೆ ನಮಸ್ಕಾರ ಸರ್,

ಹೋದ ವರ್ಷ ನಮ್ಮ ಸೋದರತ್ತೆಗೆ ಒಂದು ಆಫೀಸಿಂದ ನೋಟಿಸ್ ಬಂತು, ಪೂರ್ತಿ ಇಂಗ್ಲಿಷಲ್ಲಿ. ಅತ್ತೆ ಓದಿದ್ದು ಏಳನೇ ಕ್ಲಾಸು, ಕನ್ನಡ ಪೇಪರ್ ದಿನಾ ಒಂದಕ್ಷರ ಬಿಡದೆ ಓದ್ತಾರೆ, ಆದ್ರೆ ಇದು ತಿಳೀಲಿಲ್ಲ, ಯಾರಾದ್ರೂ ಬಂದಾಗ ಕೇಳೋಣ ಅಂತ ದೇವರ ಫೋಟೋ ಹಿಂದೆ ಇಟ್ಟಿದ್ರು. ನಾನು ಊರಿಗೆ ಹೋಗೋ ಹೊತ್ತಿಗೆ ಉತ್ತರ ಕೊಡೋ ಗಡುವು ಮುಗಿದು ದಂಡ ಬಿದ್ದಿತ್ತು. ಕೌಂಟರಲ್ಲಿ "ರೂಲ್ಸ್ ಗೊತ್ತಿರಲಿಲ್ಲ ಅಂದ್ರೆ ನಡೆಯಲ್ಲಮ್ಮ" ಅಂದ್ರು. ವಕೀಲರನ್ನ ಕೇಳಿದ್ರೆ ಅದು ಹಳೇ ಲ್ಯಾಟಿನ್ ಸೂತ್ರ ಅಂದ್ರು, ಇಗ್ನೊರಾನ್ಶಿಯಾ ಜೂರಿಸ್ ನಾನ್ ಎಕ್ಸ್‌ಕ್ಯೂಸಾಟ್, ಕಾನೂನು ಗೊತ್ತಿಲ್ಲ ಅನ್ನೋದು ನೆಪ ಆಗಲ್ಲ.

ಈ ಮಾತೇ ತಪ್ಪು ಅಂತ ನಾನು ಹೇಳ್ತಿಲ್ಲ ಸರ್, ಗೊತ್ತಿಲ್ಲ ಅಂದವರನ್ನೆಲ್ಲ ಬಿಡ್ತಾ ಹೋದ್ರೆ ಯಾವ ಕಾನೂನೂ ನಿಲ್ಲಲ್ಲ. ಆದ್ರೆ ಲ್ಯಾಟಿನ್ ಮಾತಾಡ್ತಿದ್ದ ಆ ರೋಮ್‌ನಲ್ಲೇ ಜನಸಾಮಾನ್ಯರು ಹಟ ಹಿಡಿದು ಕ್ರಿ.ಪೂ. 450ರ ಸುಮಾರಿಗೆ 12 ಫಲಕಗಳಲ್ಲಿ ಕಾನೂನು ಬರೆಸಿ ಎಲ್ಲರ ಕಣ್ಣಿಗೆ ಬೀಳೋ ಹಾಗೆ ಹಾಕಿಸಿದ್ರು, ಅಲ್ಲಿವರೆಗೂ ಅದು ಪುರೋಹಿತರು, ದೊಡ್ಡ ಮನೆತನದವರ ಕೈಯಲ್ಲೇ ಇತ್ತು. ಅದೇ ಊರಲ್ಲಿ ಮುಂದೆ ಕಲಿಗುಲ ಚಕ್ರವರ್ತಿ ಹೊಸ ತೆರಿಗೆ ಹಾಕಿ ಅದನ್ನ ಪ್ರಕಟಿಸಲೇ ಇಲ್ಲ, ಜನ ಒತ್ತಾಯ ಮಾಡಿದ ಮೇಲೆ ತೀರಾ ಸಣ್ಣ ಅಕ್ಷರದಲ್ಲಿ, ಇಕ್ಕಟ್ಟು ಜಾಗದಲ್ಲಿ, ಯಾರೂ ಬರ್ಕೊಳ್ಳೋಕಾಗದ ಹಾಗೆ ಹಾಕಿಸಿದ ಅಂತ ಇತಿಹಾಸಕಾರ ಸ್ವೆಟೋನಿಯಸ್ ಬರೆದಿದ್ದಾನೆ. ಅತ್ತೆ ಕೈಲಿದ್ದ ಕಾಗದ ನೆನೆಸಿಕೊಂಡ್ರೆ ಇದನ್ನ ಓದುವಾಗ ನಂಗೆ ಹೊಟ್ಟೆ ಉರೀತು.

ನಮ್ಮ ಸುಪ್ರೀಂ ಕೋರ್ಟೇ 1951ರಲ್ಲಿ ಹರ್ಲಾ ಅನ್ನೋ ವ್ಯಕ್ತಿಯ ಕೇಸಲ್ಲಿ ಇದನ್ನ ಇತ್ಯರ್ಥ ಮಾಡಿದೆ. ಜೈಪುರ ಸಂಸ್ಥಾನದ ಅಫೀಮು ಕಾಯ್ದೆ ಪ್ರಕಾರ ಆತನಿಗೆ 50 ರೂಪಾಯಿ ದಂಡ ಬಿದ್ದಿತ್ತು, ಆದ್ರೆ 1923ರಲ್ಲಿ ಮಂತ್ರಿಗಳು ಠರಾವು ಮಾಡಿದ ಆ ಕಾಯ್ದೆಯನ್ನ ಗೆಜೆಟ್‌ನಲ್ಲಾಗಲಿ ಬೇರೆ ಕಡೆಯಾಗಲಿ ಜನಕ್ಕೆ ತಿಳಿಸಿರಲೇ ಇಲ್ಲ. ತಿಳಿಸದೇ ಇರೋ ಕಾನೂನಿಂದ ಜನರನ್ನ ಶಿಕ್ಷಿಸೋದು ಸಹಜ ನ್ಯಾಯಕ್ಕೆ ವಿರುದ್ಧ ಅಂತ ಕೋರ್ಟು ಶಿಕ್ಷೆ ರದ್ದು ಮಾಡ್ತು. ಬರೀ 50 ರೂಪಾಯಿ ತಾನೇ ಅಂತ ಬಿಡಲಿಲ್ಲ ನೋಡಿ.

ಗೆಜೆಟ್‌ನಲ್ಲಿ ಹಾಕಿದ್ದೀವಲ್ಲ ಅಂತ ಇಲಾಖೆಯವರು ಹೇಳಬಹುದು, ಕಾನೂನು ಪ್ರಕಾರ ಅಷ್ಟು ಸಾಕೇನೋ, ಆದ್ರೆ ಓದೋಕೆ ಬರದ ಭಾಷೇಲಿ ಹೇಳಿದ್ರೆ ಹೇಳಿದ ಹಾಗಾಯ್ತಾ? ನೋಟಿಸ್ ಕೊಡೋದೇ ಎದುರಿನವರ ಮಾತೂ ಕೇಳೋಕೆ, ಆಡಿ ಆಲ್ಟೆರಾಮ್ ಪಾರ್ಟೆಮ್ ಅಂತ ಕೋರ್ಟಲ್ಲಿ ದಿನಾ ಕೇಳೋ ಮಾತು ಅದೇ. ನೋಟಿಸೇ ಅರ್ಥ ಆಗದವರು ಏನಂತ ಉತ್ತರ ಕೊಡ್ತಾರೆ ಸರ್? 1963ರ ಕಾಯ್ದೆಯಿಂದ ನಮ್ಮ ಆಡಳಿತ ಭಾಷೆ ಕನ್ನಡ.

ಹೈಕೋರ್ಟ್ ಭಾಷೆ ವಿಷಯ ಸಂವಿಧಾನದ 348ನೇ ವಿಧಿಯಲ್ಲಿದೆ, ಅದನ್ನ ಈಗ ಎತ್ತಲ್ಲ. ನಿಮ್ಮ ಸರ್ಕಾರದ ಕೈಲಿ ಆಗೋದನ್ನ ಕೇಳ್ತಿದೀನಿ. ರಾಜ್ಯದ ಯಾವ ಆಫೀಸಿಂದ ನೋಟಿಸ್ ಹೋದ್ರೂ ಏನು ತಪ್ಪಾಗಿದೆ, ಯಾವ ಸೆಕ್ಷನ್, ಯಾವತ್ತೊಳಗೆ ಯಾರಿಗೆ ಉತ್ತರ ಕೊಡಬೇಕು ಅನ್ನೋದು ಕನ್ನಡದಲ್ಲಿ ದಪ್ಪಕ್ಷರದಲ್ಲಿ ಇರಲಿ, ಹಾಗಿಲ್ಲದ ನೋಟಿಸಿಗೆ ಗಡುವಿನ ಲೆಕ್ಕವೇ ಶುರು ಆಗಬಾರದು ಅಂತ ಒಂದು ಆದೇಶ ಮಾಡಿ. ಅತ್ತೆ ದಂಡ ಕಟ್ಟಿ ಆಗಿದೆ, ಅದನ್ನ ವಾಪಸ್ ಕೇಳ್ತಿಲ್ಲ.

ಇಂತಿ,
ರಾಜ್ಯದ ಒಬ್ಬ ಮತದಾರ