ಸರದಿ ಪಟ್ಟಿಯನ್ನು ಮೂರು ತಿಂಗಳು ಮೊದಲೇ ಕೊಡಿ: ಕ್ರೀಡಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕ್ರೀಡಾ ಸಚಿವರೇ,

ಹತ್ತೊಂಬತ್ತು ವರ್ಷಗಳಿಂದ ರಾಷ್ಟ್ರೀಯ ಶೂಟಿಂಗ್ ಪಂದ್ಯಾವಳಿಗೆ ರೈಫಲ್ ಹೊತ್ತು ಬರುತ್ತಿದ್ದೇನೆ. ಮೊದಮೊದಲು ಅಭ್ಯಾಸಕ್ಕೆ ಒಂದು ಲೇನ್ ಸಿಗಬೇಕಾದರೆ ಬೆಳಗಿನ ಜಾವವೇ ಬಂದು ಕಾಯಬೇಕಿತ್ತು. ಈ ಸಲ ಪಂದ್ಯದ ದಿನವೇ ನನ್ನ ಎಡಕ್ಕೆ ನಾಲ್ಕು ಲೇನ್ ಖಾಲಿ, ಬಲಕ್ಕೆ ಮೂರು. ಹೆಸರು ಕೊಟ್ಟವರೇ ಬಂದಿರಲಿಲ್ಲ.

ಜನರಿಗೆ ಆಸಕ್ತಿ ಹೋಗಿದೆ ಎಂದು ಸಂಘಟಕರು ಸಲೀಸಾಗಿ ಹೇಳಿಬಿಡುತ್ತಾರೆ. ಆಸಕ್ತಿ ಹೇಗೆ ಹೋಗುತ್ತದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಮ್ಮೊಂದಿಗೆ ಅಭ್ಯಾಸ ಮಾಡುವ ಹದಿನಾರರ ಹುಡುಗಿಯೊಬ್ಬಳ ಏರ್ ರೈಫಲ್ ಸರದಿ ಹನ್ನೊಂದು ಗಂಟೆಗಿತ್ತು. ಹಿಂದಿನ ರಾತ್ರಿ ಅದನ್ನು ಎಂಟಕ್ಕೆ ಬದಲಿಸಿ, ರೇಂಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿದರು. ಅವಳಿಗೆ ಯಾರೂ ತಿಳಿಸಲಿಲ್ಲ. ಒಂಬತ್ತೂವರೆಗೆ ಬಂದಾಗ ಅವಳ ಹೆಸರಿನ ಮುಂದೆ 'ಹಾಜರಾಗಿಲ್ಲ' ಎಂದು ಬರೆದಾಗಿತ್ತು. ನಿಯಮ ನಿಮಗೆ ಗೊತ್ತೇ ಇದೆ: 60 ಗುಂಡಿಗೆ 75 ನಿಮಿಷ, ತಡವಾಗಿ ಬಂದವರಿಗೆ ಹೆಚ್ಚುವರಿ ಸಮಯವಿಲ್ಲ. ಆದರೆ ತಡ ಮಾಡಿದವರು ಯಾರು? ಶೂಟಿಂಗ್ ಜಾಕೆಟ್ ಬಿಚ್ಚದೆ ಅವಳು ಸಂಜೆಯವರೆಗೂ ಗೋಡೆಗೊರಗಿ ಕುಳಿತಿದ್ದಳು. ಕೇಳಲು ಹೋದ ನನಗೆ ಸಿಕ್ಕ ಉತ್ತರ, "ಹಾಳೆ ಅಂಟಿಸಿದ್ದೆವಲ್ಲ." ಒಂದು ವರ್ಷದ ತಾಲೀಮಿಗೆ ಇದು ಉತ್ತರವೇ, ಸಚಿವರೇ?

ಯಾರ ಸರದಿ ಯಾವ ದಿನ, ಎಷ್ಟು ಗಂಟೆಗೆ ಎಂಬ ಪಟ್ಟಿಯನ್ನು ಮೂರು ತಿಂಗಳು ಮೊದಲೇ ಕೊಡಿಸಿ. ಕೊಟ್ಟ ಮೇಲೆ ಬದಲಿಸಲು ಬಿಡಬೇಡಿ.

ಬಂದೂಕಿನೊಂದಿಗೆ ಪ್ರಯಾಣ ಮಾಡುವುದು ಬ್ಯಾಟು ಹಿಡಿದು ಹೊರಟಷ್ಟು ಸುಲಭವಲ್ಲ. ಪರವಾನಗಿ, ಸಾಗಾಟದ ಅನುಮತಿ, ಗುಂಡುಗಳ ಲೆಕ್ಕ, ಕೆಲಸಕ್ಕೆ ರಜೆ ಎಲ್ಲವೂ ದಿನಾಂಕಕ್ಕೆ ಕಟ್ಟುಬಿದ್ದಿವೆ. ದಿನಾಂಕ ಜಾರಿದರೆ ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಎರಡು ಸಲ ಹೀಗಾದವರು ಮೂರನೆಯ ಸಲ ಮನೆಯಲ್ಲೇ ಉಳಿಯುತ್ತಾರೆ.

ನನ್ನದು 50 ಮೀಟರ್ ಪ್ರೋನ್, ಅಂದರೆ ಬೋರಲಾಗಿ ಮಲಗಿ ರೈಫಲ್‌ನಿಂದ ಗುರಿಯಿಡುವ ಸ್ಪರ್ಧೆ. ಟೋಕಿಯೊ ಒಲಿಂಪಿಕ್ಸ್‌ಗೆ ಮುನ್ನ 50 ಮೀಟರ್ ಪಿಸ್ತೂಲು ಮತ್ತು ಡಬಲ್ ಟ್ರ್ಯಾಪ್ (ಒಟ್ಟಿಗೆ ಹಾರುವ ಎರಡು ಬಿಲ್ಲೆಗಳಿಗೆ ಗುಂಡು ಹೊಡೆಯುವ ಸ್ಪರ್ಧೆ) ಜೊತೆಗೆ ಅದನ್ನೂ ಕೈಬಿಟ್ಟರು. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕೂಟದಲ್ಲಿ ಶೂಟಿಂಗ್ ಇರಲೇ ಇಲ್ಲ. ನನ್ನಂಥವರ ಪಾಲಿಗೆ ಉಳಿದಿರುವ ದೊಡ್ಡ ಅಂಕಣ ರಾಷ್ಟ್ರೀಯ ಪಂದ್ಯವೊಂದೇ. ಅದನ್ನೂ ಹೀಗೆ ನಡೆಸಿದರೆ ನಾವು ಎಲ್ಲಿಗೆ ಹೋಗಬೇಕು?

ಇನ್ನು ಪ್ರೇಕ್ಷಕರು. 2013ರ ನಿಯಮದಿಂದ ಫೈನಲ್‌ನಲ್ಲಿ ಎಲ್ಲರ ಅಂಕವೂ ಸೊನ್ನೆಯಿಂದಲೇ ಶುರುವಾಗುತ್ತದೆ, ಹಿಂದೆ ಬಿದ್ದವರು ಒಬ್ಬೊಬ್ಬರಾಗಿ ಹೊರನಡೆಯುತ್ತಾರೆ. ನೋಡುವವರ ಉಸಿರು ಹಿಡಿಯುವ ಆಟವದು. ಅರ್ಧ ಮಿಲಿಮೀಟರ್ ಚುಕ್ಕಿಗೆ ಹತ್ತು ಮೀಟರ್‌ ದೂರದಿಂದ ಗುರಿಯಿಡುವ ಎಂಟು ಜನ ಈ ಸಲದ ಫೈನಲ್‌ನಲ್ಲಿದ್ದರು. ಎದುರಿಗಿದ್ದದ್ದು ಖಾಲಿ ಕುರ್ಚಿಗಳು. ಚಪ್ಪಾಳೆ ತಟ್ಟಿದ್ದು ತರಬೇತುದಾರರು ಮಾತ್ರ. ಯಾವಾಗ ನಡೆಯುತ್ತದೆಂದೇ ತಿಳಿಯದ ಪಂದ್ಯಕ್ಕೆ ಜನ ಹೇಗೆ ಬಂದಾರು?

ಹೊಸ ರೇಂಜು ಕೇಳುತ್ತಿಲ್ಲ, ಬಹುಮಾನದ ಹಣ ಹೆಚ್ಚಿಸಿ ಎನ್ನುತ್ತಿಲ್ಲ. ಮೂರು ತಿಂಗಳು ಮೊದಲು, ಬದಲಾಗದ ಒಂದು ಪಟ್ಟಿ. ಅಷ್ಟನ್ನು ಕೊಡಿಸಿ.

ಆ ಹುಡುಗಿ ಮುಂದಿನ ವರ್ಷಕ್ಕೆ ಇನ್ನೂ ಹೆಸರು ಕೊಟ್ಟಿಲ್ಲ. ಪಟ್ಟಿ ಹೊರಬಿದ್ದ ದಿನ ನಾನೇ ಅದನ್ನು ಅವಳ ಮನೆಗೆ ಒಯ್ದು ಕೊಡುತ್ತೇನೆ.

ಇಂತಿ,
ಒಬ್ಬ ರೈಫಲ್ ಸ್ಪರ್ಧಿ